ಬಿಗಿಯಪ್ಪನ ಎಂಸಿಬಿ

ಬೆಳಿಗ್ಗೆ ಬೇಕರಿಯವರ ಮನೆಯಲ್ಲಿ ಢಮ್ ಅಂತ ಉಬ್ಬಿ ಒಡೆದದ್ದು ಬನ್ನಲ್ಲ, ಎಂಸಿಬಿ. ವೈರಿಗೆ ವೈರು ತಾಗಿದರೆ ತಟಕ್ಕನೆ ಬಿದ್ದು ಮನೆ ಕಾಯಬೇಕಾದ ಸ್ವಿಚ್ಚು, ತಾನೇ ಸಿಡಿದು ಗೋಡೆಗೆಲ್ಲ ಮಸಿ ಬಳಿದಿತ್ತು. ಯಾರಿಗೂ ಏನೂ ಆಗಲಿಲ್ಲ. ಆದರೆ ಬೀದಿಯ ಸಂಘದ ಅಧ್ಯಕ್ಷರಾದ ಮೇಷ್ಟ್ರಿಗೆ ಬಹಳ ದಿನದ ಮೇಲೆ ಒಂದು ಕೆಲಸ ಸಿಕ್ಕಿತು. ಎಲೆಕ್ಟ್ರಿಷಿಯನ್ನನ್ನು ಕರೆಸಿ, ಶಾರ್ಟ್ ಆದರೆ ಎಷ್ಟು ಕರೆಂಟು ನುಗ್ಗೀತು ಅಂತ ಮನೆಮನೆಯಲ್ಲೂ ಅಳೆಸಲು ಹೊರಟೇಬಿಟ್ಟರು.

ಸುದ್ದಿ ಕೇಳಿ ಬೀದಿಯ ಕೊನೇ ಮನೆಯ ಟೈಲರಿಗೆ ಕೈಯಲ್ಲಿದ್ದ ಕತ್ತರಿ ಭಾರವಾಯಿತು.

ಅವನನ್ನು ಎಲ್ಲರೂ ಬಿಗಿಯಪ್ಪ ಅನ್ನುತ್ತಿದ್ದರು. ಅವನು ಹೊಲಿದ ಪ್ಯಾಂಟು ತೊಟ್ಟವರು ಕೂರುವ ಮುಂಚೆ ಎರಡು ಸಲ ಯೋಚಿಸುತ್ತಿದ್ದರು. ಒಂದು ಬೆರಳು ಬಟ್ಟೆ ಹೆಚ್ಚು ಬಿಡುವುದೆಂದರೆ ಅವನಿಗೆ ತನ್ನ ಚರ್ಮವನ್ನೇ ಸುಲಿದುಕೊಟ್ಟ ಹಾಗೆ. ಮನೆಗೆ ವೈರಿಂಗ್ ಮಾಡಿಸುವಾಗಲೂ ಅದೇ ಬುದ್ಧಿ. ಎಲೆಕ್ಟ್ರಿಕ್ ಅಂಗಡಿ ಇಟ್ಟಿರುವ ಬಾಮೈದ, ಆರು ಸಾವಿರ ಆಂಪ್ಸ್ ತಡೆಯೋ ಎಂಸಿಬಿ ಹಾಕ್ಸಿ ಭಾವ ಅಂದಿದ್ದ. ಇವನು ಬೇರೆ ಅಂಗಡಿಯಿಂದ ಮೂರು ಸಾವಿರದ್ದು ತಂದು, "ನಮ್ಮನೇಲೇನು ರೈಲು ಓಡಿಸ್ತೀವಾ?" ಅಂದ. ಅಷ್ಟಕ್ಕೆ ಬಾಯಿ ಮುಚ್ಚಬಹುದಿತ್ತು. ತನ್ನ ಅಳತೆ ತಪ್ಪಾದರೆ ಇನ್ನು ಮನೆಯಲ್ಲಿ ಬಾಮೈದ ಹೇಳಿದ್ದೇ ನಡೆಯಲಿ ಅಂತ ಹೆಂಡತಿಗೆ ಮಾತು ಬೇರೆ ಕೊಟ್ಟುಬಿಟ್ಟ. ಅವಳು ಆ ಮಾತನ್ನು ಮಡಿಚಿ ಬೀರುವಿನಲ್ಲಿಟ್ಟುಕೊಂಡು ಕಾಯುತ್ತಿದ್ದಳು.

ಬೇಕರಿಯವರ ಮನೆ ಟ್ರಾನ್ಸ್‌ಫಾರ್ಮರಿಗೆ ಅಂಟಿಕೊಂಡಂತಿದೆ. ಅಲ್ಲಿ ಮೀಟರು ಐದು ಸಾವಿರ ತೋರಿಸಿತು. ಸಿಡಿದ ಎಂಸಿಬಿ ತಡೆಯುತ್ತಿದ್ದದ್ದು ಮೂರು ಸಾವಿರ. ಶಾರ್ಟ್ ಆದಾಗ ನುಗ್ಗುವ ಕರೆಂಟಿಗಿಂತ ಎಂಸಿಬಿಯ ತಾಕತ್ತು ಕಮ್ಮಿಯಿದ್ದರೆ ಗತಿ ಹೀಗೇ, ಟ್ರಾನ್ಸ್‌ಫಾರ್ಮರ್ ಹತ್ತಿರವಾದಷ್ಟೂ ನುಗ್ಗಾಟ ಹೆಚ್ಚು ಅಂತ ಎಲೆಕ್ಟ್ರಿಷಿಯನ್ ಎಲ್ಲರಿಗೂ ಬಿಡಿಸಿ ಹೇಳಿದ. ಡಾಕ್ಟರಮ್ಮನ ಮನೆಯಲ್ಲಿ ನಾಲ್ಕೂವರೆ ಸಾವಿರ ಬಂತು. ಮೇಷ್ಟ್ರ ಮನೆಯಲ್ಲೂ ಮೂರು ಸಾವಿರ ದಾಟಿತು.

ಒಂದೊಂದು ಅಂಕಿಯೂ ಬಿಗಿಯಪ್ಪನ ಕಿವಿಗೆ ಬೀಳುತ್ತಲೇ ಇತ್ತು. ಆ ಗಾಬರಿಯಲ್ಲಿ ಮೇಷ್ಟ್ರ ಹೊಸ ಪ್ಯಾಂಟಿಗೆ ಹಿಂದಿನ ಜೇಬನ್ನು ತಲೆಕೆಳಗಾಗಿ ಹೊಲಿದ. ಆಮೇಲೆ ಒಳಗೋಡಿ, ಎಂಸಿಬಿ ಮೇಲಿನ ಅಂಕಿ ಕಾಣದ ಹಾಗೆ ಕೈಗೆ ಸಿಕ್ಕಿದ ಲೇಬಲ್ ಒಂದನ್ನು ಅಂಟಿಸಿದ. ಅದರಲ್ಲಿ 'ಶುದ್ಧ ಹತ್ತಿ' ಅಂತಿತ್ತು.

ಹೆಂಡತಿ ಬಂದು ಓದಿದಳು. "ರೀ, ಇದನ್ನ ಬಿಸಿನೀರಲ್ಲಿ ಒಗೀಬಹುದೇನ್ರೀ?"

ಮಧ್ಯಾಹ್ನ ದಂಡು ಬಾಗಿಲಿಗೆ ಬಂತು. ಎಲೆಕ್ಟ್ರಿಷಿಯನ್ ಲೇಬಲ್ ಕಿತ್ತು ಜೇಬಿಗೆ ಹಾಕಿಕೊಂಡು, ಪ್ಲಗ್ಗಿಗೆ ಮೀಟರು ಸಿಕ್ಕಿಸಿದ. ಬಿಗಿಯಪ್ಪ ಉಸಿರು ಬಿಗಿಹಿಡಿದ, ಅವನ ಗಿರಾಕಿಗಳು ಪ್ಯಾಂಟಿನ ಹುಕ್ಕು ಹಾಕುವಾಗ ಹಿಡಿಯುತ್ತಾರಲ್ಲ, ಹಾಗೆ.

"ಒಂಬೈನೂರು," ಅಂದ ಎಲೆಕ್ಟ್ರಿಷಿಯನ್. "ಟ್ರಾನ್ಸ್‌ಫಾರ್ಮರ್ ದೂರ ಅಲ್ವಾ, ಕರೆಂಟು ತಂತೀಲೇ ಸುಸ್ತಾಗಿ ಬರುತ್ತೆ. ಎಂಸಿಬಿ ಬೀಳೋಕೆ ಸಾಕು, ಸಿಡಿಯೋಕೆ ಸಾಲ್ದು. ಏನೂ ಬದಲಾಯಿಸ್ಬೇಡಿ."

ಬಿಗಿಯಪ್ಪ ಬಿಟ್ಟ ಉಸಿರಿಗೆ ಹ್ಯಾಂಗರಿನಲ್ಲಿದ್ದ ಅಂಗಿಗಳು ತೂಗಾಡಿದವು. ಹೆಂಡತಿ ಅಡುಗೆಮನೆಗೆ ಹೋದಳು.

ಆಮೇಲೆ ಅವನನ್ನು ಹಿಡಿಯುವವರೇ ಇರಲಿಲ್ಲ. ಕತ್ತಿಗೆ ಟೇಪು ಹಾಕಿಕೊಂಡು, ಪದಕ ಗೆದ್ದವನ ಹಾಗೆ ಬೀದಿಯುದ್ದಕ್ಕೂ ನಡೆದ. "ನಮ್ಮನೇಲಿ ಇನ್ನೂ ಎರಡು ಸಾವಿರದಷ್ಟು ಲೂಸಿದೆ ಸ್ವಾಮಿ. ಎಷ್ಟು ಬಂದ್ರೂ ತಡ್ಕೊಳ್ಳುತ್ತೆ," ಅಂತ ಕಂಡಕಂಡವರಿಗೆಲ್ಲ ಹೇಳಿದ. ಹುಟ್ಟಿದಾಗಿನಿಂದ ಯಾರಿಗೂ ಅರ್ಧ ಇಂಚು ಲೂಸು ಕೊಡದವನ ಬಾಯಲ್ಲಿ ಆ ಮಾತು ಕೇಳಿ ಬೀದಿ ಬೆರಗಾಯಿತು. ಅದೇ ಉಮೇದಿನಲ್ಲಿ ಮೇಷ್ಟ್ರಿಗೆ ಪ್ಯಾಂಟನ್ನೂ ಕೊಟ್ಟುಬಂದ. ಮೇಷ್ಟ್ರು ಹಿಂದಿನ ಜೇಬಿಗೆ ಕೆಳಗಿನಿಂದ ಕರವಸ್ತ್ರ ತೂರಿಸಿದರು; ಅದು ಬಂದ ದಾರಿಯಲ್ಲೇ ವಾಪಸ್ಸು ಬಿತ್ತು. ಅವರು ಬಗ್ಗಿ ಕರವಸ್ತ್ರ ಎತ್ತಿಕೊಂಡರು.

ಸಂಜೆ ವಿದ್ಯುತ್ ಕಚೇರಿಯ ಲಾರಿ ಬಂತು, ಬೆನ್ನ ಮೇಲೊಂದು ಹೊಸ ಟ್ರಾನ್ಸ್‌ಫಾರ್ಮರ್ ಹೊತ್ತು. ಬೀದಿಗೆ ಹಳೆಯದೊಂದೇ ಸಾಲುತ್ತಿಲ್ಲ, ಇನ್ನೊಂದು ನಿಲ್ಲಿಸಬೇಕು, ಎಲ್ಲಿ ಅಂತ ಲೈನ್‌ಮನ್ ಕೇಳಿದ. ಒಂದೇ ದಿನದಲ್ಲಿ ಬೀದಿಯವರೆಲ್ಲ ಅರ್ಧ ಎಂಜಿನಿಯರುಗಳಾಗಿದ್ದರು. ನಮ್ಮ ಮನೆ ಮುಂದೆ ಬೇಡ ಅಂತ ಡಾಕ್ಟರಮ್ಮ ಗೇಟಿಗೆ ಅಡ್ಡ ನಿಂತರು. ಬೇಕರಿಯವರು ಲಾರಿ ನೋಡಿಯೇ ಬಾಗಿಲು ಹಾಕಿಕೊಂಡರು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ನಮ್ಮ ಟೈಲರ್ ಮನೆ ಮುಂದೆ ಹಾಕಿ. ಅಲ್ಲಿ ಎರಡು ಸಾವಿರ ಲೂಸಿದೆಯಂತೆ. ಎಷ್ಟು ಬಂದ್ರೂ ತಡ್ಕೊಳ್ಳುತ್ತಂತೆ. ಅವರೇ ಹೇಳಿದ್ದು."

ಇಡೀ ಬೀದಿ ನಿರಾಳವಾಗಿ ಉಸಿರುಬಿಟ್ಟಿತು. ಬಿಗಿಯಪ್ಪ ಬಾಯಿ ತೆರೆಯುವಷ್ಟರಲ್ಲಿ ಅವನ ಗೇಟಿನ ಮುಂದೆ ಹಾರೆ ಬಿದ್ದಿತ್ತು. ಎಲೆಕ್ಟ್ರಿಷಿಯನ್ ಈ ಸಲ ಮೀಟರನ್ನು ಚೀಲದಿಂದ ತೆಗೆಯಲೂ ಇಲ್ಲ. ಗುಂಡಿಯನ್ನೊಮ್ಮೆ, ಬಾಗಿಲನ್ನೊಮ್ಮೆ ನೋಡಿ, "ಇದಕ್ಕೆ ಲೈನ್ ಕೊಟ್ಟ ದಿನಾನೇ ಐದು ಸಾವಿರ ಮುಟ್ಟುತ್ತೆ. ಅಷ್ಟರೊಳಗೆ ಎಂಸಿಬಿ ಬದಲಾಯಿಸ್ಬಿಡಿ," ಅಂದ. 'ಶುದ್ಧ ಹತ್ತಿ' ಲೇಬಲ್ಲನ್ನು ಮರೆಯದೆ ವಾಪಸ್ಸು ಕೊಟ್ಟ.

ಹೆಂಡತಿ ಫೋನು ಹಿಡಿದುಕೊಂಡೇ ಹೊರಗೆ ಬಂದಳು. ಇನ್ನಾದರೂ ಇಸ್ತ್ರಿಪೆಟ್ಟಿಗೆ ಸರಿಯಾಗಿ ಕಾಯುತ್ತೆ ಬಿಡ್ರೀ ಅಂತ ಮೊದಲು ಸಮಾಧಾನ ಹೇಳಿದಳು. ಆಮೇಲೆ ಕೇಳಿದಳು, "ತಮ್ಮ ಲೈನಲ್ಲಿದಾನೆ. ಆರು ಸಾವಿರದ್ದು ತರ್ಲಾ ಅಂತಿದಾನೆ. ಏನು ಹೇಳ್ಲಿ?"

ಬಿಗಿಯಪ್ಪ ಕತ್ತಿನಿಂದ ಟೇಪು ತೆಗೆದು, ಸುತ್ತಿ, ಜೇಬಿಗಿಟ್ಟ.

"ಹತ್ತು ಸಾವಿರದ್ದೇ ತರ್ಲಿ," ಅಂದ. "ಸ್ವಲ್ಪ ದೊಗಳೆ ಇರ್ಲಿ."