ಬಿಸಿಲಿಗಿಟ್ಟ ಸಿಂಫನಿ

ಸಾಹೇಬರಿಗೆ ಸುಳ್ಳು ಹೇಳುವ ಮುಂಚೆ ಮಂಜುನಾಥ್ ಆ ರೆಕಾರ್ಡಿನ ಕವರನ್ನು ಒಮ್ಮೆ ತೆರೆದಾದರೂ ನೋಡಬೇಕಿತ್ತು. ಮ್ಯಾನೇಜರ್ ಚಂದ್ರಶೇಖರ ಅವರು ಹತ್ತು ದಿನದ ಹಿಂದೆ ಒಂದು ಗ್ರಾಮಾಫೋನ್ ರೆಕಾರ್ಡು ಕೊಟ್ಟು, "ಇಂಥ ಸಿಂಫನಿ ಇನ್ನೊಂದಿಲ್ಲ ಕಣ್ರೀ. ಲೋಕ ಮಾತ್ರ ಇದಕ್ಕೆ ಮಲತಾಯಿ ಧೋರಣೆ ತೋರಿಸ್ತು. ನುಡಿಸಿರೋರು ತೊಂಬತ್ತು ಜನ, ಉಸಿರು ಒಂದೇ. ಕೇಳಿ" ಅಂದಿದ್ದರು. ರೆಕಾರ್ಡು ಹಾಕುವ ಯಂತ್ರವೇ ಇಲ್ಲದ ಮಂಜುನಾಥ್ ಅದನ್ನು ಇನ್ವರ್ಟರ್ ಮೇಲೆ ಇಟ್ಟು ಮರೆತಿದ್ದ. ಗುರುವಾರ ಅವರು ವಿಚಾರಿಸಿದಾಗ, "ದಿನಾ ಕೇಳ್ತಿದೀನಿ ಸರ್, ಅದ್ಭುತ!" ಎಂದುಬಿಟ್ಟ. ಎಣ್ಣೂರಿಗೆ ಯಾರನ್ನು ವರ್ಗ ಮಾಡಬೇಕೆಂದು ಸೋಮವಾರ ಸಹಿ ಹಾಕುವವರು ಅವರೇ ತಾನೆ? ಊರಿನ ಈ ತುದಿಯ ಬೆಸೆಂಟ್ ನಗರದಿಂದ ಆ ತುದಿಯ ಎಣ್ಣೂರಿಗೆ ದಿನಾ ಬಸ್ಸು ಎಂದು ನೆನೆಸಿಕೊಂಡರೇ ಅವನ ಸೊಂಟ ನೋಯುತ್ತಿತ್ತು.

ಭಾನುವಾರ ಬೆಳಿಗ್ಗೆ ಸಾಹೇಬರ ಫೋನ್ ಬಂತು. ಸಂಜೆ ಐದಕ್ಕೆ ಅವರ ಮನೆಗೆ ಹೋಗಿ ರೆಕಾರ್ಡು ವಾಪಸು ಕೊಡಬೇಕು. ಕವರಿನಿಂದ ತೆಗೆದು ನೋಡಿದರೆ ತಟ್ಟೆ ಸೊಟ್ಟ!

"ಇನ್ವರ್ಟರ್ ಬಿಸಿ ಆಗತ್ತೆ, ಅಲ್ಲಿಡಬೇಡ ಕಣೋ ಅಂತ ಬಡ್ಕೊಂಡೆ" ಎಂದರು ತಾಯಿ ನಾಗರತ್ನಮ್ಮ.

ಕೆಳಗೆ ಹೋಟೆಲು ನಡೆಸುವ ಉಡುಪಿ ಕಡೆಯ ಕಾಂತಪ್ಪ, ಮಗಳು ಹರ್ಷಿಣಿಯ ಸಮೇತ ಮೆಟ್ಟಿಲು ಹತ್ತಿ ಬಂದರು. "ಅಂಕಲ್, ಅಪ್ಪಳಂ ಮಾದಿರಿ ಇರುಕ್ಕು!" ಎಂದು ಹುಡುಗಿ ತಮಿಳಿನಲ್ಲೇ ಹೇಳಿ, ಹಪ್ಪಳದ ಹಾಗಿದ್ದ ತಟ್ಟೆ ನೋಡಿ ನಕ್ಕಳು.

"ಎಂತ ಹೆದರ್ತೀರಿ ಮಾರಾಯ್ರೆ?" ಎಂದರು ಕಾಂತಪ್ಪ. "ಹೋಟ್ಲಿನ ಟೇಬಲ್ ಗಾಜು ಎರಡುಂಟು. ನಡುವೆ ಇಟ್ಟು ಬಿಸಿಲಿಗೆ ಹಾಕುವ. ಮೆತ್ತಗಾಗಿ ನೆಟ್ಟಗಾಗ್ತದೆ."

ಬೇರೆ ದಾರಿ ಇರಲಿಲ್ಲ. ತಾರಸಿಯಲ್ಲಿ ನಾಗರತ್ನಮ್ಮನವರ ಸಂಡಿಗೆಯ ಪಕ್ಕ ಸಿಂಫನಿಯೂ ಕಾಯತೊಡಗಿತು. ಭಾರ ಸಾಲದೆಂದು ಕಾಂತಪ್ಪ ರುಬ್ಬುಗುಂಡು ಹೇರಿದರು. ಮಂಜುನಾಥ್ ಕೊಡೆ ಹಿಡಿದು ಕಾಗೆ ಓಡಿಸುತ್ತಾ ಕುಳಿತ. ಹನ್ನೆರಡಕ್ಕೆ ಮೋಡ. ಒಂದಕ್ಕೆ ಮತ್ತೆ ಬಿಸಿಲು. ಎರಡಕ್ಕೆ 'ಚಟ್' ಎಂದಿತು!

ಕೊಡೆ ಬಿಸಾಕಿ ಗುಂಡು ಎತ್ತಿದರೆ, ಬಿರುಕು ಬಿಟ್ಟದ್ದು ಮೇಲಿನ ಗಾಜು ಮಾತ್ರ. ಎಲ್ಲವನ್ನೂ ನೆರಳಿಗೆ ತಂದು ಆರಲು ಬಿಟ್ಟರು. ನಾಲ್ಕೂವರೆಗೆ ತೆಗೆದಾಗ ತಟ್ಟೆ ನೆಟ್ಟಗಾಗಿತ್ತು! ಮಂಜುನಾಥ್ ಕಾಂತಪ್ಪನವರ ಕಾಲಿಗೆ ಬೀಳುವುದೊಂದೇ ಬಾಕಿ.

ಐದಕ್ಕೆ ಸಾಹೇಬರು ತಟ್ಟೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದರು. ಅವರು ರೆಕಾರ್ಡು ಹಾಕಿ ಮುಳ್ಳು ಇಳಿಸಿದರು. ಪಿಟೀಲುಗಳು ಮೆಲ್ಲಗೆ ಎದ್ದವು, ಹಿಂದೆಯೇ ಕೊಂಬುಗಳು. ಕೇಳುತ್ತಾ ಮಂಜುನಾಥ್ ಎಣ್ಣೂರನ್ನೇ ಮರೆತ. ಹತ್ತು ದಿನ ಮನೆಯಲ್ಲಿಟ್ಟುಕೊಂಡೂ ಇದನ್ನು ಕೇಳಲಿಲ್ಲವಲ್ಲ ಎಂದು ನಿಜಕ್ಕೂ ನೊಂದುಕೊಂಡ.

ಸಾಹೇಬರ ಕಣ್ಣು ಒದ್ದೆಯಾಗಿತ್ತು. "ಮಂಜುನಾಥ್, ನಾನು ಕೊಟ್ಟಾಗಲೇ ಇದು ಸೊಟ್ಟ ಇತ್ತು. ಯಾರು ನಿಜ ಹೇಳ್ತಾರೆ ನೋಡೋಣ ಅಂತ ಆಫೀಸಲ್ಲಿ ಎಲ್ಲರಿಗೂ ಇದನ್ನೇ ಕೊಡ್ತೀನಿ. ದಿನಾ ಕೇಳ್ತಿದೀನಿ ಅಂದಾಗ ನೀವೂ ಸುಳ್ಳುಗಾರರೇ ಅಂದ್ಕೊಂಡೆ. ಕ್ಷಮಿಸಿ. ನೆಟ್ಟಗೆ ಮಾಡ್ಕೊಂಡು ಕೇಳಿದೀರಿ!"

"ಹೆಹೆ... ಹೌದು ಸರ್."

"ಎಣ್ಣೂರಿನ ನಮ್ಮ ಗೆಸ್ಟ್ ಹೌಸಲ್ಲಿ ಇಂಥವೇ ನಾನೂರು ರೆಕಾರ್ಡು ಸೊಟ್ಟಗಾಗಿ ಬಿದ್ದಿವೆ ಕಣ್ರೀ. ವರ್ಗದ ಪಟ್ಟಿಯಲ್ಲಿ ನಮ್ಮ ಆಫೀಸಿನ ಸುರೇಶನ ಹೆಸರಿತ್ತು. ಹೊಡೆದುಹಾಕಿ ನಿಮ್ಮದು ಬರೀತೀನಿ. ನಿಮ್ಮಂಥ ರಸಿಕರು ಅಲ್ಲಿರಬೇಕು!"

ಮನೆಗೆ ಬಂದು ಸುದ್ದಿ ಹೇಳಿದಾಗ ನಾಗರತ್ನಮ್ಮ ಸಂಡಿಗೆಯನ್ನು ಡಬ್ಬಿಗೆ ತುಂಬುತ್ತಿದ್ದರು.

"ಬಿಸಿಲಿಗೆ ಹಾಕಿ ಕಾಗೆ ಓಡ್ಸೋ ಕೆಲಸಕ್ಕೆ ಇಂಜಿನಿಯರಿಂಗ್ ಯಾಕೋ ಓದಿದೆ?" ಎಂದರು.