ಯಾರನ್ನೂ ಒಳಗೆ ಬಿಡದ ಸರ್ವರ್

ದಡ್ಡರಿಗೆ ತೊಂದರೆ ಬರುವುದು ಸಹಜ. ನನ್ನಂಥ ಬುದ್ಧಿವಂತನಿಗೂ ವಾರಕ್ಕೊಂದು ಬರುತ್ತದಲ್ಲ, ಅದು ಯಾಕೆ ಅಂತ ನನಗಿನ್ನೂ ಅರ್ಥವಾಗಿಲ್ಲ. ಊರಲ್ಲಿ ಯಾರ ಪಂಪ್‌ಸೆಟ್ ಕೆಟ್ಟರೂ ನನಗೇ ಕರೆ. ಸ್ಟಾರ್ಟರ್ ಡಬ್ಬಿಗೆ ಒಂದು ಏಟು ಹಾಕಿದರೆ ನೀರು ಬರಲೇಬೇಕು. ಅಂಥವನು ಜರ್ಮನಿಗೆ ಬಂದು ಗಾರ್ಕಿಂಗ್ ಅನ್ನುವ ಊರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ನೆಟ್‌ವರ್ಕ್ ಕೆಲಸಕ್ಕೆ ಸೇರಿದೆ. ಆರು ತಿಂಗಳ ಪ್ರೋಬೆತ್ಸೈಟ್, ಅಂದರೆ ಪರೀಕ್ಷೆಯ ಅವಧಿ, ಮುಗಿಯಲು ಒಂದೇ ವಾರ ಇತ್ತು. ಆಗ ಬಾಸ್ ಹೊಸದೊಂದು ಸರ್ವರ್ ತೋರಿಸಿ, "ಇದನ್ನು ನೀವೇ ನಡೆಸಿ ತೋರಿಸಿ, ಆಮೇಲೆ ಕಾಯಂ ವಿಷಯ ಮಾತಾಡೋಣ" ಅಂದರು. ನೆಟ್‌ವರ್ಕಿಗೆ ಯಾರು ಬರಬಹುದು, ಯಾರು ಬರಬಾರದು ಅಂತ ಪಾಸ್‌ವರ್ಡ್ ನೋಡಿ ತೀರ್ಮಾನಿಸುವ ಸರ್ವರ್ ಅದು. "ಎರಡೇ ದಿನ ಸಾಕು" ಅಂದೆ. ಎಷ್ಟು ದಿನ ಅಂತ ಅವರೇನೂ ಕೇಳಿರಲಿಲ್ಲ.

೧. ಯಜಮಾನ

ಅದು ಮೊದಲು ಹೊರಗೆ ನಿಲ್ಲಿಸಿದ್ದು ನನ್ನನ್ನೇ. ಇಂಗ್ಲಿಷ್ ಅಕ್ಷರದಲ್ಲಿ ‘ಯಜಮಾನ’ ಅಂತ ಪಾಸ್‌ವರ್ಡ್ ಇಟ್ಟಿದ್ದೆ. (ಈಗ ಬದಲಾಯಿಸಿದ್ದೇನೆ, ನೀವು ಪ್ರಯತ್ನಿಸಬೇಡಿ.) ಎಷ್ಟು ಸಲ ಹೊಡೆದರೂ ತಪ್ಪು ಅಂತಿತ್ತು. ಬಹಳ ವರ್ಷದಿಂದ ಇಲ್ಲೇ ಇರುವ ಮಂಗಳೂರಿನ ಸಹೋದ್ಯೋಗಿಯೊಬ್ಬರು ಬಂದು ನೋಡಿದರು.

"ಇನ್‌ಸ್ಟಾಲ್ ಮಾಡುವಾಗ ಕೀಬೋರ್ಡ್ ಯಾವ ಭಾಷೆ ಇಟ್ಟಿದ್ದಿ ಮಾರಾಯ?"

"ಇಂಗ್ಲಿಷ್ ಅಣ್ಣಾ."

"ಈಗ?"

"ಜರ್ಮನ್."

"ಜರ್ಮನಲ್ಲಿ ವೈ ಜಾಗದಲ್ಲಿ ಝಡ್ ಇರುದು. ನೀನು ಕೀ ನೋಡುದಿಲ್ವಾ?"

"ನೋಡಿಕೊಂಡು ಟೈಪ್ ಮಾಡೋನು ನಾನಲ್ಲ ಅಣ್ಣಾ."

"ಹಾಗಾದ್ರೆ ಬೆಳಗ್ಗಿಂದ ನೀನು ಯಜಮಾನ ಅಲ್ಲ," ಅಂದರು ಅವರು, "ಝಜಮಾನ."

೨. ಎಂಟು ಉಂಡ್ ಐದು

ಮರುದಿನ ಎಲ್ಲ ಮಹಡಿಯ ನೆಟ್‌ವರ್ಕ್ ಸ್ವಿಚ್‌ಗಳಿಗೂ ಹೊಸ ಸರ್ವರಿನ ವಿಳಾಸ ತುಂಬಬೇಕಿತ್ತು. ಕೊನೆಯ ಸಂಖ್ಯೆ ಎಂಬತ್ತೈದು. ಅದನ್ನು ಜರ್ಮನ್ ಟೆಕ್ನಿಷಿಯನ್‌ಗೆ ಫೋನಲ್ಲಿ ಜರ್ಮನಲ್ಲೇ ಹೇಳಿದೆ. ಎಂಟು ಮೊದಲು, ಐದು ಆಮೇಲೆ, ನಡುವೆ ಒಂದು ‘ಉಂಡ್’, ಅಂದರೆ ‘ಮತ್ತು’, ಸೇರಿಸಿದರೆ ಮುಗೀತು, ನನಗೆ ಭಾಷೆ ಯಾವ ಲೆಕ್ಕ?

ಸಂಜೆಯವರೆಗೂ ಒಬ್ಬರಿಗೂ ನೆಟ್‌ವರ್ಕ್ ಸಿಗಲಿಲ್ಲ. ಸರ್ವರಿನಲ್ಲಿ ನೋಡಿದರೆ ಯಾರೂ ಬಂದು ಕೇಳಿದ ಗುರುತೇ ಇಲ್ಲ. ಜರ್ಮನ್ನರು ಬಿಡಿಸ್ಥಾನವನ್ನು ಮೊದಲು ಹೇಳುತ್ತಾರಂತೆ, ‘ಎಂಟು ಮತ್ತು ಐವತ್ತು’ ಅನ್ನುವ ಹಾಗೆ. ನಾನು ಹೇಳಿದ್ದು ಐವತ್ತೆಂಟು ಆಗಿತ್ತು. ಐವತ್ತೆಂಟು ಮೂರನೇ ಮಹಡಿಯ ಪ್ರಿಂಟರ್. ಅಷ್ಟೂ ಜನ ವಿಜ್ಞಾನಿಗಳು ಇಡೀ ದಿನ ಒಳಗೆ ಬರಲು ಅಪ್ಪಣೆ ಕೇಳಿದ್ದು ಅದನ್ನೇ. ಅದು ಯಾರಿಗೂ ಇಲ್ಲ ಅಂದಿರಲಿಲ್ಲ ಪಾಪ.

೩. ಗಡಿಯಾರ ಯಾರದು ತಪ್ಪು

ಮೂರನೇ ದಿನ ವಿಳಾಸ ಸರಿಯಾಯಿತು. ಸರ್ವರಿನ ಗಡಿಯಾರ ಮಾತ್ರ ಎಲ್ಲೋ ಇತ್ತು. ಸರ್ವರ್ ಇದ್ದ ನೆಲಮಾಳಿಗೆಗೆ ಫೋನ್ ಒಯ್ಯುವ ಹಾಗಿಲ್ಲ. ಬಾಗಿಲಲ್ಲಿ ಹಾದುಹೋಗುತ್ತಿದ್ದ ಸೆಕ್ರೆಟರಿ ಅಮ್ಮನನ್ನು ಗಂಟೆ ಕೇಳಿದೆ. "ಹಾಲ್ಬ್ ತ್ಸೇನ್" ಅಂದರು. ಹಾಲ್ಬ್ ಅಂದರೆ ಅರ್ಧ, ತ್ಸೇನ್ ಅಂದರೆ ಹತ್ತು. ಹತ್ತೂವರೆ ಅಂತ ಇಟ್ಟೆ.

ಈ ಸರ್ವರಿನ ಸ್ವಭಾವ ಏನೆಂದರೆ, ಬಂದವರ ಗಡಿಯಾರಕ್ಕೂ ತನ್ನ ಗಡಿಯಾರಕ್ಕೂ ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ನಂಬುವುದಿಲ್ಲ. ಅದು ಒಬ್ಬರನ್ನೂ ಬಿಡಲಿಲ್ಲ. ಬಾಸ್ ಬಂದರು, ಜೊತೆಗೆ ಹಿರಿಯ ಪ್ರೊಫೆಸರ್ ಕೂಡ ಬಂದರು. ಬೆವರು ಒರೆಸಿಕೊಂಡು ದಾಖಲೆ ನೋಡಿದೆ, ಕಾರಣ ಸಿಕ್ಕಿಬಿಟ್ಟಿತು.

"ಸರ್ವರ್ ಸರಿಯಾಗಿದೆ. ನಿಮ್ಮೆಲ್ಲರ ಗಡಿಯಾರ ಒಂದು ಗಂಟೆ ಹಿಂದಿದೆ" ಅಂದೆ.

ಬಾಸ್ ತಮ್ಮ ಕೈಗಡಿಯಾರ ನೋಡಿಕೊಂಡರು. ಪ್ರೊಫೆಸರ್ ಮಾತ್ರ ಗಂಭೀರವಾಗಿ, "ಸರಿಯಾಗಿ ಒಂದು ಗಂಟೆಯೇ?" ಅಂತ ಕೇಳಿ, ಬರೆದುಕೊಂಡು ಹೋದರು.

ಮಂಗಳೂರಣ್ಣ ನನ್ನ ಕಿವಿಯಲ್ಲಿ ಹೇಳಿದರು: "ಅವರು ಮಾಡುದು ಎಂತ ಗೊತ್ತುಂಟಾ? ಪರಮಾಣು ಗಡಿಯಾರ."

ಹತ್ತು ನಿಮಿಷ ಬಿಟ್ಟು ಪ್ರೊಫೆಸರ್ ವಾಪಸ್ ಬಂದು ವಿನಯದಿಂದ, "ಪರಿಶೀಲಿಸಿದೆ. ನಮ್ಮದು ಸರಿಯಿರುವಂತೆ ಕಾಣುತ್ತದೆ" ಅಂದರು.

೪. ಕಾಯಂ

ಜರ್ಮನ್ನರ ‘ಅರ್ಧ ಹತ್ತು’ ಅಂದರೆ ಹತ್ತಕ್ಕೆ ಅರ್ಧ ಗಂಟೆ ಬಾಕಿ, ಒಂಬತ್ತೂವರೆಯಂತೆ. ಗಡಿಯಾರ ತಿದ್ದಿದ ಮೇಲೆ ಸರ್ವರ್ ಎಲ್ಲರನ್ನೂ ಒಳಗೆ ಬಿಟ್ಟಿತು. ನನ್ನ ಕೆಲಸ ಮಾತ್ರ ಬಾಗಿಲಲ್ಲೇ ಇತ್ತು. ಬಾಸ್ ಶುಕ್ರವಾರ ಬರಹೇಳಿದರು. ನನ್ನ ಮೇಲಿನ ಕನಿಕರಕ್ಕೆ ಇಂಗ್ಲಿಷಿನಲ್ಲೇ ಹೇಳಿದ್ದು: "ಹಾಫ್ ಪಾಸ್ಟ್ ನೈನ್."

ಸುಲಭದಲ್ಲಿ ಮೋಸ ಹೋಗುವವನು ನಾನಲ್ಲ. ಅರ್ಧ ಅನ್ನುವ ಮಾತು ಯಾರ ಬಾಯಲ್ಲಿ ಬಂದರೂ ಒಂದು ಗಂಟೆ ಕಳೆಯಬೇಕು ಅಂತ ಕಲಿತಾಗಿತ್ತಲ್ಲ. ಎಂಟೂವರೆಗೇ ಅವರ ಕೋಣೆಯ ಮುಂದೆ ನಿಂತೆ. ಒಳಗೆ ದೀಪವೇ ಇರಲಿಲ್ಲ. ಕರೆಸಿ ಹೀಗೆ ನಿಲ್ಲಿಸಿದ್ದಾರೆ ಅಂದರೆ ಕೆಲಸ ಹೋದ ಹಾಗೇ ಅಂದುಕೊಂಡೆ. ಒಂಬತ್ತೂಕಾಲಿಗೆ ಬಾಸ್ ಬಂದರು.

"ಎಷ್ಟು ಹೊತ್ತಾಯಿತು ಬಂದು?"

"ಎಂಟೂವರೆಗೇ ಬಂದೆ ಸರ್."

ನನ್ನನ್ನೇ ನೋಡಿದರು. "ಇಲ್ಲಿ ಐದು ನಿಮಿಷ ಮುಂಚೆ ಬಂದರೇ ನಾವು ಮೆಚ್ಚುತ್ತೇವೆ. ನೀವು ಒಂದು ಗಂಟೆ ಮುಂಚೆ ಬಂದಿದ್ದೀರಿ." ಒಳಗೆ ಹೋಗಿ ಕಾಯಂ ಪತ್ರಕ್ಕೆ ಸಹಿ ಹಾಕಿ, ಕೈ ಕುಲುಕಿ ಕೇಳಿದರು: "ಈ ಸಮಯಪಾಲನೆ ಎಲ್ಲಿ ಕಲಿತಿರಿ?"

"ನಮ್ಮೂರಲ್ಲಿ ಎಲ್ಲರೂ ಹೀಗೇ ಸರ್" ಅಂದೆ.