ತಕ್ಷಣ ಒಪ್ಪಿಕೊಂಡ ಸಲಹೆಗಾರ

ಚೌಕಾಸಿಯ ಬಗ್ಗೆ ನಿಮಗೊಂದು ಬುದ್ಧಿಮಾತನ್ನು ಪುಕ್ಕಟೆಯಾಗಿ ಹೇಳುತ್ತೇನೆ. ಎದುರಿನವನು ಗೊಣಗಬೇಕು, ಮುಖ ಸಿಂಡರಿಸಬೇಕು, "ನನ್ನ ಹೆಂಡತಿ ಮಕ್ಕಳ ಹೊಟ್ಟೆಯ ಮೇಲೆ ಹೊಡೆಯುತ್ತಿದ್ದೀರಿ" ಎನ್ನಬೇಕು. ಅಷ್ಟಾದರೆ ವ್ಯಾಪಾರ ಸರಿಯಾಗಿದೆ. ನೀವು ಹೇಳಿದ ಅಂಕಿಗೆ ಅವನು ಕೂಡಲೇ ತಲೆಯಾಡಿಸಿದರೆ ಹೆದರಿಕೊಳ್ಳಿ. ಬೆಳಗಾವಿಯಿಂದ ಲಂಡನ್ನಿಗೆ ಬಂದು, ಇಲ್ಲಿಯ ಹೇಸ್‌ನಲ್ಲಿ ಒಂದು ಹಳೆಯ ವ್ಯಾನಿನಿಂದ ಶುರುಮಾಡಿ ಗೋದಾಮು ಕಟ್ಟಿದ ನನಗೆ ಆ ಹೆದರಿಕೆ ಏನೆಂದು ತಿಳಿದದ್ದು ಕಳೆದ ನವೆಂಬರಿನಲ್ಲಿ, ಸಂಜೆ ನಾಲ್ಕಕ್ಕೇ ಕತ್ತಲಾದ ಎಜ್‌ವೇರ್‌ನಲ್ಲಿ.

ನನ್ನ ಪಿಂಚಣಿ ಖಾತೆಯಲ್ಲಿದ್ದುದೆಲ್ಲ ಚಿನ್ನದ ಗಟ್ಟಿ. ಅದು ಯಾವುದೋ ನೆಲಮಾಳಿಗೆಯಲ್ಲಿ ಮಲಗಿದೆ; ನಾನು ಮುಟ್ಟಿದ್ದೂ ಇಲ್ಲ, ನೋಡಿದ್ದೂ ಇಲ್ಲ. "ಮೈಮ್ಯಾಲೆ ಹಾಕ್ಕೊಳ್ಳಾಕ ಬರದ ಬಂಗಾರ ಯಾಕ್ ಬೇಕ್ರೀ?" ಎಂದು ನನ್ನ ಹೆಂಡತಿ ಶಕುಂತಲಾ ಈಗಲೂ ಕೇಳುತ್ತಾಳೆ. ಮನೆ ನಡೆಯಬೇಕಾದರೆ ಪ್ರತಿ ವರ್ಷ ಅದರಲ್ಲಿ ಒಂದಿಷ್ಟನ್ನು ಮಾರಿ ಹಣ ತೆಗೆಯಲೇಬೇಕು. ಚಿನ್ನ ಇಳಿದ ವರ್ಷವೂ ಚಿನ್ನವನ್ನೇ ಮಾರುವುದು ಪೆದ್ದುತನವಲ್ಲವೇ? ಒಂದು ಪಾಲನ್ನು ಬೆಳ್ಳಿಯ ಫಂಡಿಗೆ, ಒಂದು ಪಾಲನ್ನು ಪ್ಲಾಟಿನಂ ಫಂಡಿಗೆ ಹಾಕಿದರೆ, ಆ ವರ್ಷ ಯಾವುದು ಮೇಲಿದೆಯೋ ಅದನ್ನು ಮಾರಬಹುದು. ನೀವೂ ಯೋಚಿಸಿ ನೋಡಿ.

ಇದಕ್ಕೆಂದೇ ಯಾರೋ ಹೇಳಿದ, ಎಜ್‌ವೇರ್‌ನ ಹಣಕಾಸು ಸಲಹೆಗಾರರ ಮನೆಗೆ ಹೋದೆ. ರೈಲಿನ ಕೊನೆಯ ನಿಲ್ದಾಣ, ಅದರಾಚೆ ಸದ್ದಿಲ್ಲದ ಬೀದಿ. ನಾನು ಬೆಲ್ ಒತ್ತುವ ಮೊದಲೇ ಬಾಗಿಲು ತೆರೆಯಿತು. ಮೈಸೂರಿನ ಕಡೆಯವರು, ಹತ್ತಿಯಂಥ ಮಾತು. ಲೋಹಗಳ ಪಾಲನ್ನು ಚಕಚಕನೆ ಮುಗಿಸಿ, "ಈ ಹಣ ನಿಮ್ಮ ಎಷ್ಟನೇ ವಯಸ್ಸಿನವರೆಗೆ ಬರೋ ಹಾಗೆ ಹಂಚೋಣ ಸಾರ್? ತೊಂಬತ್ತೆರಡು ಅಂತ ಇಟ್ಕೊಳ್ಳಲೇ?" ಎಂದರು. ಅಂಕಿ ಕಿವಿಗೆ ಬಿದ್ದ ಮೇಲೆ ನನ್ನ ನಾಲಗೆ ಸುಮ್ಮನಿರುವುದಿಲ್ಲ. ವರ್ಷ ಕಡಿಮೆಯಾದಷ್ಟೂ ವರ್ಷವರ್ಷ ಕೈಗೆ ಬರುವ ಹಣ ಹೆಚ್ಚು ಎಂಬ ಲೆಕ್ಕವೂ ಒಳಗೆ ಓಡುತ್ತಿತ್ತು. "ತೊಂಬತ್ತೆರಡು ಬಹಳ ಆಯ್ತು. ಎಪ್ಪತ್ತೆಂಟು ಮಾಡ್ಕೊಳ್ಳಿ," ಎಂದೆ. ಅವರು ಎಂಬತ್ತೈದು ಎನ್ನುತ್ತಾರೆ, ಎಂಬತ್ತೆರಡಕ್ಕೆ ಮುಗಿಸೋಣ ಎಂದುಕೊಂಡಿದ್ದೆ.

"ಆಗ್ಲಿ ಸಾರ್," ಎಂದರು. ಕಣ್ಣು ಕೂಡ ಮಿಟುಕಿಸಲಿಲ್ಲ. ಚಾಚಿದ ಕೈಯನ್ನು ಅಭ್ಯಾಸಬಲದಿಂದ ಕುಲುಕಿಬಿಟ್ಟೆ, ಐಸಿನಂತಿತ್ತು. ನನಗೀಗ ಎಪ್ಪತ್ತಾರು.

ಹೆಂಡತಿಗೆ ಹೇಳಿದರೆ, "ನಿಮ್ ವರ್ಷಾ ಮಾರೂ ಮುಂದ ನನ್ನೊಂದ್ ಮಾತ್ ಕೇಳ್ಬೇಕಿತ್ತಿಲ್ರೀ?" ಎಂದಳು. ಅಲ್ಲಿಂದ ಶುರುವಾಯಿತು ನೋಡಿ. ಹಳೆಯ ಸೋಫಾ ಮಾರುವವನ ಬಳಿ ಅರ್ಧ ಬೆಲೆಗೆ ಕೇಳಿದೆ, ಒಪ್ಪಿದ. ಮಾಡಿನಂಚಿನ ಮಳೆನೀರಿನ ದೋಣಿ ತೊಳೆಯುವವನು ನನ್ನ ಮುಖವನ್ನೇ ದಿಟ್ಟಿಸಿ, ತಾನಾಗಿಯೇ ಇನ್ನಷ್ಟು ಇಳಿಸಿದ. ಹೊರಟು ನಿಂತವನ ಜೊತೆ ಯಾರೂ ಜಗ್ಗಾಡುವುದಿಲ್ಲವಲ್ಲ, ಹಾಗೆ. ತಡೆಯಲಾರದೆ ಸಲಹೆಗಾರರಿಗೆ ಫೋನ್ ಮಾಡಿದೆ. "ತೊಂಬತ್ತೈದು ಮಾಡಿಬಿಡಿ."

"ಆಗ್ಲಿ ಸಾರ್."

"ನೂರು?"

"ಆಗ್ಲಿ ಸಾರ್." ಅದೇ ದನಿ, ಅದೇ ವೇಗ. ಸರಕು ಇಟ್ಟುಕೊಂಡವನು ಹೀಗೆ ಒಪ್ಪುವುದಿಲ್ಲ. ವರ್ಷಗಳೆಂಬ ಸರಕು ಆ ಅಂಗಡಿಯಲ್ಲಿ ಇರಲೇ ಇಲ್ಲ ಎಂದು ಆಗ ಹೊಳೆಯಿತು. ಅದು ಯಾರ ಬಳಿಯಿದೆಯೋ ಅವನ ಮುಂದೆ ಕೂತು ಮಾತಾಡಲು ನನಗೆ ಅವಸರವೂ ಇಲ್ಲ.

ಮೊನ್ನೆ ಹೌನ್ಸ್ಲೋದಲ್ಲಿ ಬೆಂಡೆಕಾಯಿಯವನು ಎರಡು ಪೌಂಡ್ ಎಂದ. ಒಂದಕ್ಕೆ ಕೇಳೋಣವೆಂದು ಬಾಯಿ ತೆರೆದವನು ಮುಚ್ಚಿಕೊಂಡೆ, ಇವನೂ ಒಪ್ಪಿಬಿಟ್ಟರೆ? ಹೇಳಿದಷ್ಟೇ ಕೊಟ್ಟೆ. ಶಕುಂತಲಾ ಅಂಗಡಿಯಲ್ಲೇ ಗಾಬರಿಯಾದಳು. "ಬಾಯಿ ಬಿಚ್ಚದ ರೊಕ್ಕಾ ಕೊಟ್ರಲ್ರೀ! ಜ್ವರಾ ಗಿರಾ ಬಂದಾವೇನು?" ಎಂದು ನನ್ನ ಹಣೆ ಮುಟ್ಟಿದಳು. "ಜ್ವರಾ ಇಲ್ಲ. ಭಾಳ ತಣ್ಣಗದೀರಿ."

"ಭಾಳ ಅನಬ್ಯಾಡ. ಸ್ವಲ್ಪ ಅನ್ನು," ಎಂದೆ.

"ಇಲ್ರೀ, ಭಾಳನ!" ಎಂದು ಹಠ ಹಿಡಿದಳು. ಸದ್ಯ, ಇವಳಾದರೂ ಒಪ್ಪಲಿಲ್ಲವಲ್ಲ ಎಂದು ಜೀವ ಬಂದಂತಾಯಿತು.